ಪೆಡಲ್ ಸ್ಟೀಲ್ ಶ್ರುತಿ ನಿಲ್ಲುತ್ತಿಲ್ಲವೇ? ಬಿರಡೆ ಬದಲಾಯಿಸುವ ಮೊದಲು ತಂತಿ ಎತ್ತ ಜಾರುತ್ತಿದೆ ನೋಡಿ

ಪ್ರಶ್ನೆ: ನಾನು ಮಂಡ್ಯದವನು. ಅಮೆರಿಕದಲ್ಲಿದ್ದ ಚಿಕ್ಕಪ್ಪ ವಾಪಸ್ ಬರುವಾಗ ಒಂದು ಹಳೆಯ ಪೆಡಲ್ ಸ್ಟೀಲ್ ಗಿಟಾರ್ ತಂದುಕೊಟ್ಟರು. 10 ತಂತಿ, 3 ಪೆಡಲ್, 4 ಮಂಡಿ ಲಿವರ್, ಇ-9 ಟ್ಯೂನಿಂಗ್, ಆಲ್-ಪುಲ್ ಮಾದರಿ (ಸ್ವರ ಏರಿಸುವುದು, ಇಳಿಸುವುದು ಎರಡನ್ನೂ ರಾಡ್ ಎಳೆದೇ ಮಾಡುವಂಥದ್ದು). ಫೋನಿನ ಟ್ಯೂನರ್‌ನಲ್ಲಿ ಹತ್ತೂ ತಂತಿ ಹಸಿರು ತೋರಿಸುವ ಹಾಗೆ ಕೂಡಿಸುತ್ತೇನೆ. ಆದರೂ ಎ, ಬಿ ಪೆಡಲ್ ಒತ್ತಿದರೆ ಕಿವಿಗೆ ಕೆಟ್ಟದಾಗಿ ಕೇಳುತ್ತದೆ. 4ನೇ ತಂತಿಯನ್ನು ಲಿವರ್‌ನಿಂದ ಇಳಿಸಿ ಬಿಟ್ಟರೆ ಮೊದಲಿಗಿಂತ ಸ್ವಲ್ಪ ಏರಿ ನಿಲ್ಲುತ್ತದೆ. 6ನೇ ತಂತಿ ಬಿ ಪೆಡಲ್ ಬಿಟ್ಟ ಮೇಲೂ ಪೂರ್ತಿ ಕೆಳಗಿಳಿಯುವುದಿಲ್ಲ. 3ನೇ ತಂತಿ ಆಗಾಗ ತುಂಡಾಗುತ್ತದೆ. ಬಿರಡೆಗಳನ್ನೆಲ್ಲ ಬದಲಾಯಿಸಿಬಿಡಲೇ? ನಾನು ಚಿಕ್ಕಂದಿನಲ್ಲಿ ಸ್ವಲ್ಪ ವೀಣೆ ಕಲಿತಿದ್ದೇನೆ. ಈಗ ನಮ್ಮೂರ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಜೊತೆ ಇದನ್ನು ನುಡಿಸುವ ಆಸೆ.

ಉತ್ತರ: ಬಿರಡೆ ಬದಲಾಯಿಸಬೇಡಿ. ಅವುಗಳ ತಪ್ಪಲ್ಲ ಅನ್ನುವುದಕ್ಕೆ ನಿಮ್ಮ ಪ್ರಶ್ನೆಯಲ್ಲೇ ಸಾಕ್ಷಿ ಇದೆ. ಬಿರಡೆ ಜಾರಿದರೆ ತಂತಿ ಸಡಿಲವಾಗುತ್ತದೆ, ಸ್ವರ ಇಳಿಯುತ್ತದೆ. ಯಾವ ಬಿರಡೆಯೂ ತಾನಾಗಿ ಬಿಗಿಯಾಗುವುದಿಲ್ಲ ಅಲ್ವಾ? ನಿಮ್ಮ 4ನೇ ತಂತಿ, 6ನೇ ತಂತಿ ಎರಡೂ ಏರಿ ನಿಲ್ಲುತ್ತಿವೆ. ಹಾಗಾದರೆ ತೊಂದರೆ ಬೇರೆ ಕಡೆ ಇದೆ. ಅದೂ ಒಂದೇ ಕಡೆ ಅಲ್ಲ. 4ನೆಯದಕ್ಕೆ ಒಂದು ಕಾರಣ, 6ನೆಯದಕ್ಕೆ ಇನ್ನೊಂದು, 3ನೆಯದು ತುಂಡಾಗುವುದಕ್ಕೆ ಮತ್ತೊಂದು. ಎ, ಬಿ ಪೆಡಲ್ ಒತ್ತಿದಾಗ ಕೆಟ್ಟದಾಗಿ ಕೇಳುವುದು ಮಾತ್ರ ವಾದ್ಯದ ರಿಪೇರಿ ವಿಷಯವೇ ಅಲ್ಲ. ಅಲ್ಲಿ ನಿಮ್ಮ ಕಿವಿ ಸರಿ, ಆ್ಯಪ್ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಈ ವಾದ್ಯ ನೋಡದವರಿಗೆ ಎರಡು ಮಾತು. ಇದು ಮೇಜಿನ ಹಾಗೆ ಅಡ್ಡ ಮಲಗಿರುವ ಗಿಟಾರ್. ಎಡಗೈಯಲ್ಲಿ ಉಕ್ಕಿನ ಗುಂಡು ಸರಳು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ, ಗೋಟುವಾದ್ಯ ನುಡಿಸಿದ ರೀತಿಯಲ್ಲೇ. ಹೆಚ್ಚಿನದ್ದು ಏನೆಂದರೆ ಕಾಲಿನ ಪೆಡಲ್ ಒತ್ತಿದರೆ, ಮಂಡಿಯಿಂದ ಲಿವರ್ ತಳ್ಳಿದರೆ, ಕೆಲವು ತಂತಿಗಳ ಸ್ವರವೇ ಬದಲಾಗುತ್ತದೆ. ಎ, ಬಿ ಅನ್ನುವುದು ಪೆಡಲ್‌ಗಳ ಹೆಸರೂ ಹೌದು, ಪಾಶ್ಚಾತ್ಯ ಸ್ವರಗಳ ಹೆಸರೂ ಹೌದು, ಗೊಂದಲ ಬೇಡ. ಎ ಪೆಡಲ್ 5 ಮತ್ತು 10ನೇ ತಂತಿಯ ಬಿ-ಯನ್ನು ಸಿ ಶಾರ್ಪ್‌ಗೆ ಏರಿಸುತ್ತದೆ. ಬಿ ಪೆಡಲ್ 3 ಮತ್ತು 6ನೇ ತಂತಿಯ ಜಿ ಶಾರ್ಪ್ ಅನ್ನು ಎ-ಗೆ ಏರಿಸುತ್ತದೆ. ಪೆಡಲ್‌ನಿಂದ ಒಂದು ಸರಳು ಮೇಲೆ ಹೋಗಿ ಅಡ್ಡ ದಂಡವನ್ನು ತಿರುಗಿಸುತ್ತದೆ, ಆ ದಂಡ ಪುಲ್ ರಾಡ್ ಅನ್ನು ಎಳೆಯುತ್ತದೆ, ರಾಡ್ ಬಲತುದಿಯ ಚೇಂಜರ್‌ನಲ್ಲಿ, ಅಂದರೆ ಸ್ವರ ಬದಲಾಯಿಸುವ ಯಂತ್ರದಲ್ಲಿ, ಆ ತಂತಿಯ ಫಿಂಗರ್ ಎಂಬ ಲೋಹದ ತುಣುಕನ್ನು ಎಳೆಯುತ್ತದೆ. ತಂತಿಯ ಬಲತುದಿ ಆ ಫಿಂಗರ್‌ಗೆ ಸಿಕ್ಕಿಕೊಂಡಿದೆ. ಎಡತುದಿಯಲ್ಲಿ ತಂತಿ ಒಂದು ಪುಟ್ಟ ರೋಲರ್ ಮೇಲೆ ಹಾದು ಬಿರಡೆಗೆ ಹೋಗುತ್ತದೆ.

ಇಷ್ಟು ಗೊತ್ತಾದರೆ ಪತ್ತೆ ಕೆಲಸ ಸುಲಭ. ಪೆಡಲ್ ಬಿಟ್ಟ ಮೇಲೆ ತಂತಿ ಹಳೆಯ ಜಾಗಕ್ಕೆ ಬರಲಿಲ್ಲ ಅಂದರೆ ಅದನ್ನು ತಡೆಯುವ ಜಾಗ ಎರಡೇ. ಒಂದು ಎಡಗಡೆಯ ರೋಲರ್. ಇನ್ನೊಂದು ಬಲಗಡೆಯ ಚೇಂಜರ್, ಅದರ ಜೊತೆ ಕೆಳಗಿನ ರಾಡು, ಲಿವರು, ಸ್ಪ್ರಿಂಗು ಎಲ್ಲ ಸೇರಿಸಿ. ಇವೆರಡೂ ತಂತಿಯನ್ನು ಬೇರೆ ಬೇರೆ ದಿಕ್ಕಿಗೆ ಕೆಡಿಸುತ್ತವೆ. ಅದಕ್ಕೇ ಎಷ್ಟು ಕೆಟ್ಟಿದೆ ಅನ್ನುವುದಕ್ಕಿಂತ ಎತ್ತ ಕೆಟ್ಟಿದೆ ಅನ್ನುವುದು ಮುಖ್ಯ.

ರೋಲರ್ ಬಿಗಿಯಾಗಿದೆ ಅಂದುಕೊಳ್ಳಿ. ಪೆಡಲ್ ಒತ್ತಿ ಸ್ವರ ಏರಿಸುವಾಗ ಬಿರಡೆ ಕಡೆಯಿಂದ ಒಂದು ಕೂದಲೆಳೆಯಷ್ಟು ತಂತಿ ಈಚೆಗೆ ಸರಿಯುತ್ತದೆ. ಬಿಟ್ಟಾಗ ಅದು ವಾಪಸ್ ಹೋಗುವುದಿಲ್ಲ, ರೋಲರ್ ಹಿಡಿದುಕೊಂಡಿರುತ್ತದೆ. ನುಡಿಸುವ ಭಾಗದಲ್ಲಿ ತಂತಿ ಜಾಸ್ತಿಯಾಯಿತು, ಸ್ವರ ಇಳಿಯಿತು. ಲಿವರ್‌ನಿಂದ ಇಳಿಸಿದರೆ ಇದರ ಉಲ್ಟಾ: ತಂತಿ ಆಚೆಗೆ ಸರಿದು ಅಲ್ಲೇ ಉಳಿಯುತ್ತದೆ, ಬಿಟ್ಟಾಗ ಸ್ವರ ಏರಿ ನಿಲ್ಲುತ್ತದೆ. ಅಂದರೆ ರೋಲರ್ ದೋಷದಲ್ಲಿ ಏರಿಸಿ ಬಿಟ್ಟರೆ ಇಳಿದಿರುತ್ತದೆ, ಇಳಿಸಿ ಬಿಟ್ಟರೆ ಏರಿರುತ್ತದೆ.

ಚೇಂಜರ್ ಕಡೆಯ ದೋಷ ಹಾಗಲ್ಲ. ಫಿಂಗರ್ ಪೂರ್ತಿ ವಾಪಸ್ ಬರಲಿಲ್ಲ ಅಂದರೆ ಏರಿಸಿದ ಸ್ವರ ಸ್ವಲ್ಪ ಏರಿಯೇ ಉಳಿಯುತ್ತದೆ, ಇಳಿಸಿದ ಸ್ವರ ಇಳಿದೇ ಉಳಿಯುತ್ತದೆ. ಸೈಕಲ್ ಬ್ರೇಕ್ ವೈರ್ ತುಕ್ಕು ಹಿಡಿದು ಲಿವರ್ ಬಿಟ್ಟ ಮೇಲೂ ಬ್ರೇಕ್ ಅರ್ಧ ಹಿಡಿದುಕೊಂಡೇ ಇರುತ್ತದಲ್ಲ, ಅದೇ ಕಥೆ.

ಈಗ ನಿಮ್ಮ ತಂತಿಗಳನ್ನು ನೋಡಿ. 4ನೆಯದು ಇಳಿಸಿ ಬಿಟ್ಟರೆ ಏರುತ್ತದೆ, ಅದು ರೋಲರ್. 6ನೆಯದು ಏರಿಸಿ ಬಿಟ್ಟರೆ ಏರಿಯೇ ಉಳಿಯುತ್ತದೆ, ಅದು ಚೇಂಜರ್ ಕಡೆ. ಉಳಿದ ತಂತಿಗಳನ್ನೂ ಹೀಗೇ ಒಂದೊಂದಾಗಿ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಸರಳು ಇಡದೆ ಬಿಡಿ ತಂತಿಯನ್ನೇ ಮೀಟಬೇಕು. ಟ್ಯೂನರ್‌ನಲ್ಲಿ ಬಣ್ಣ ನೋಡಿದರೆ ಸಾಲದು, ಸೆಂಟ್ ಓದಬೇಕು. ಸೆಂಟ್ ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ 100ನೇ ಒಂದು ಪಾಲು. 2-3 ಸೆಂಟ್ ವ್ಯತ್ಯಾಸ ಒಳ್ಳೆಯ ವಾದ್ಯದಲ್ಲೂ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು 4ನೇ ತಂತಿ. ಇಳಿಸಿ ಬಿಟ್ಟು, ಏರಿ ನಿಂತಿದೆ ಅಂತ ಟ್ಯೂನರ್ ತೋರಿಸಿದಾಗ, ಆ ತಂತಿಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಒಂದು ಸಲ ಮೇಲಕ್ಕೆ ಎಳೆದು ಬಿಡಿ. ಸ್ವರ ಸರಿ ಜಾಗಕ್ಕೆ ಬಂದರೆ ಅನುಮಾನವೇ ಬೇಡ, ರೋಲರೇ. ತಂತಿ ಬಿಚ್ಚಿ ರೋಲರ್ ಹೊರಗೆ ತೆಗೆಯಿರಿ. ಇಲ್ಲೊಂದು ಎಚ್ಚರಿಕೆ. ಹಲವು ವಾದ್ಯಗಳಲ್ಲಿ ಒಂದೊಂದು ರೋಲರ್‌ನ ಕಾಡಿ, ಅಂದರೆ ತಂತಿ ಕೂರುವ ಕಚ್ಚು, ಅದರದೇ ತಂತಿಯ ದಪ್ಪಕ್ಕೆ ತಕ್ಕ ಹಾಗೆ ಕೊರೆದಿರುತ್ತಾರೆ, ತಂತಿಗಳ ಮೇಲ್ಮೈ ಸರಳಿಗೆ ಸಮವಾಗಿ ಸಿಗಲಿ ಅಂತ. ಹತ್ತನ್ನೂ ಒಟ್ಟಿಗೆ ಬಟ್ಟಲಿಗೆ ಹಾಕಿ ತೊಳೆದರೆ ಆಮೇಲೆ ಯಾವುದು ಎಲ್ಲಿಯದು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ. ಒಂದೊಂದೇ ತೆಗೆಯಿರಿ, ಅಥವಾ ಅಂಟು ಟೇಪಿನ ಮೇಲೆ ಸಾಲಾಗಿ ಅಂಟಿಸಿ ನಂಬರ್ ಬರೆಯಿರಿ. ರೋಲರ್ ತೂತಿನ ಒಳಗಿನ ಕಪ್ಪು ಕೊಳೆ, ಅದು ತಿರುಗುವ ದಂಡದ ಮೇಲಿನ ತುಕ್ಕು ಒರೆಸಿ. ದಂಡಕ್ಕೆ ಒಂದೇ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ. ಕಾಡಿಯೊಳಗೆ ಪೆನ್ಸಿಲ್ ಸೀಸ ಉಜ್ಜಿ, ಸಾಕು. ವಾಪಸ್ ಹಾಕುವಾಗ ತಂತಿ ಕಾಡಿಯಲ್ಲಿ ಸಿಕ್ಕಿ ಕೂರುತ್ತಿದೆಯೋ ಸಲೀಸಾಗಿ ಕೂರುತ್ತಿದೆಯೋ ನೋಡಿ. ಹಿಂದಿನ ಮಾಲೀಕರು ದಪ್ಪ ತಂತಿ ಹಾಕಿದ್ದರೆ ಅದು ಕಾಡಿಯಲ್ಲಿ ಬೆಣೆ ಹೊಡೆದ ಹಾಗೆ ಕೂತಿರುತ್ತದೆ, ಎಷ್ಟು ಎಣ್ಣೆ ಬಿಟ್ಟರೂ ರೋಲರ್ ತಿರುಗುವುದಿಲ್ಲ.

ದಯವಿಟ್ಟು ಕೊಬ್ಬರಿ ಎಣ್ಣೆ ಬೇಡ. ಮನೆಯಲ್ಲಿ ಕೈಗೆ ಮೊದಲು ಸಿಗುವುದು ಅದೇ, ಗೊತ್ತು. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮೈಸೂರು ಮಂಡ್ಯದ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಏನಾಗುತ್ತದೋ ಚೇಂಜರ್ ಒಳಗೂ ಅದೇ ಆಗುತ್ತದೆ.

6ನೇ ತಂತಿಗೆ ಬನ್ನಿ. ಚೇಂಜರ್ ಅಂದ ತಕ್ಷಣ ಚೇಂಜರ್ ಬಿಚ್ಚಬೇಡಿ. ಬಿ ಪೆಡಲ್ ಒತ್ತಿ ಬಿಡಿ, ಸ್ವರ ಏರಿ ನಿಂತಾಗ ಬಗ್ಗಿ ಪೆಡಲ್ ಅನ್ನು ಕೈಯಿಂದ ಮೇಲಕ್ಕೆ ಎತ್ತಿ. ಸ್ವರ ಇಳಿದು ಸರಿಹೋಯಿತಾ? ಹಾಗಾದರೆ ದೋಷ ಪೆಡಲ್‌ನಲ್ಲೇ ಇದೆ. ಅದರ ತಿರುಗಣೆಯಲ್ಲಿ ಕೊಳೆ ಇರಬಹುದು, ಕಾಲುಗಳನ್ನು ಸೊಟ್ಟ ಜೋಡಿಸಿ ಪೆಡಲ್ ಸರಳು ಓರೆಯಾಗಿರಬಹುದು. ಹಡಗಿನಲ್ಲೋ ವಿಮಾನದಲ್ಲೋ ಬಿಚ್ಚಿಟ್ಟು ತಂದ ವಾದ್ಯದಲ್ಲಿ ಇದು ತೀರಾ ಸಾಮಾನ್ಯ. ಸರಿಹೋಗಲಿಲ್ಲ ಅಂದರೆ ವಾದ್ಯವನ್ನು ಮೆತ್ತನೆ ಬಟ್ಟೆಯ ಮೇಲೆ ಬೋರಲು ಹಾಕಿ ಕೆಳಭಾಗ ನೋಡಿ. 6ನೇ ತಂತಿಯ ರಾಡ್ ಪಕ್ಕದ ರಾಡಿಗೆ ಉಜ್ಜುತ್ತಿದೆಯೇ, ಬಾಗಿದೆಯೇ, ಸ್ಪ್ರಿಂಗ್ ಯಾವುದಾದರೂ ಕಳಚಿದೆಯೇ? ಇದೆಲ್ಲ ಸರಿಯಿದ್ದರೆ ಮಾತ್ರ ಫಿಂಗರ್ ಅಂಟಿಕೊಂಡಿದೆ ಅಂತ ಅರ್ಥ. ಹಳೆಯ ಎಣ್ಣೆ ಒಣಗಿ ಗೋಂದಾಗಿರುತ್ತದೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಬಟ್ಟೆ ಮುಚ್ಚಿ, ಫಿಂಗರ್‌ಗಳ ಸಂದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಬಿಟ್ಟು, ಪೆಡಲ್ ಮತ್ತು ಲಿವರ್ ಹಲವು ಸಲ ಒತ್ತಿ ಬಿಡಿ, ಕೆಳಗೆ ಇಳಿದ ಕೊಳೆ ಒರೆಸಿ, ಪೂರ್ತಿ ಒಣಗಿದ ಮೇಲೆ ಆ ಹೊಲಿಗೆ ಮೆಷಿನ್ ಎಣ್ಣೆಯನ್ನೇ ಒಂದೊಂದು ಹನಿ ಕೊಡಿ. ಮರದ ಪಾಲಿಶ್‌ಗೆ ಆಲ್ಕೋಹಾಲ್ ತಾಗಿದರೆ ಕಲೆ ಬೀಳುತ್ತದೆ, ಜೋಪಾನ. ಎಣ್ಣೆ ಜಾಸ್ತಿ ಹಾಕಿದರೆ ಧೂಳು ಹಿಡಿದು ವರ್ಷದಲ್ಲಿ ಮತ್ತೆ ಇದೇ ಗತಿ.

ಇದರ ಜೊತೆ ಇನ್ನೊಂದು ಸಾಧ್ಯತೆ ಇದೆ, ಹಳೆಯ ವಾದ್ಯ ಕೊಂಡವರು ಯಾರೂ ಮೊದಲು ಯೋಚಿಸದ್ದು. ಬಲತುದಿಯಲ್ಲಿ ರಾಡುಗಳ ಕೊನೆಗೆ ಆರು ಮೂಲೆಯ ನೈಲಾನ್ ನಟ್‌ಗಳಿವೆಯಲ್ಲ, ಪೆಡಲ್ ಒತ್ತಿದಾಗಿನ ಸ್ವರವನ್ನು ಕೂಡಿಸುವುದು ಅವುಗಳಿಂದ. ಅದನ್ನು ಅತಿಯಾಗಿ ಬಿಗಿ ಮಾಡಿದರೆ ಪೆಡಲ್ ಮುಟ್ಟದಿದ್ದರೂ ರಾಡ್ ಫಿಂಗರ್ ಅನ್ನು ಸ್ವಲ್ಪ ಎಳೆದುಕೊಂಡೇ ಇರುತ್ತದೆ. ಫಿಂಗರ್ ತನ್ನ ನಿಲುಗಡೆಗೆ ತಾಗುವುದೇ ಇಲ್ಲ. ನೀವು ಬಿರಡೆಯಿಂದ ಬಿಡಿ ತಂತಿ ಸರಿ ಮಾಡಿ ಅದನ್ನು ಮುಚ್ಚಿಬಿಡುತ್ತೀರಿ. ಪತ್ತೆ ಮಾಡುವುದು ಹೀಗೆ: ಟ್ಯೂನರ್ ನೋಡುತ್ತಾ ಆ ತಂತಿಯ ಏರಿಸುವ ನಟ್ ಅನ್ನು ಒಂದೆರಡು ಸುತ್ತು ಸಡಿಲಿಸಿ. ಬಿಡಿ ತಂತಿಯ ಸ್ವರ ಇಳಿದರೆ ಅದು ಹಿಡಿದುಕೊಂಡಿತ್ತು ಅಂತ. ಇಳಿಸುವ ನಟ್ ಸಡಿಲಿಸಿದಾಗ ಸ್ವರ ಏರಿದರೂ ಅದೇ ಅರ್ಥ. ಸರಿಯಾಗಿ ಹೊಂದಿಸಿದ ರಾಡ್ ಪೆಡಲ್ ಮೇಲಿರುವಾಗ ಬೆರಳಲ್ಲಿ ಅಲುಗಿಸಿದರೆ ಕೂದಲೆಳೆಯಷ್ಟು ಅಲುಗಬೇಕು.

ಆಲ್-ಪುಲ್ ಚೇಂಜರ್‌ನಲ್ಲಿ ಒಂದು ತಂತಿಗೆ ಏರಿಸುವ ಫಿಂಗರ್ ಬೇರೆ, ಇಳಿಸುವ ಫಿಂಗರ್ ಬೇರೆ. ಇಳಿಸುವ ಫಿಂಗರ್ ಅನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಕೂಡ ಒಮ್ಮೆ ನೋಡಿ. ಏರಿಸುವ ಪೆಡಲ್ ಒತ್ತಿದಾಗ ಇಳಿಸುವ ಫಿಂಗರ್ ಜಾಗ ಬಿಟ್ಟು ಕದಲಬಾರದು. ಕದಲಿದರೆ ಸ್ಪ್ರಿಂಗ್ ಸೋತಿದೆ. ಸುಮ್ನೆ ಬಿಗಿ ಮಾಡುತ್ತಾ ಹೋಗಬೇಡಿ, ಲಿವರ್ ಕಲ್ಲಾಗಿಬಿಡುತ್ತದೆ. ಕದಲುವುದು ನಿಂತ ಕಡೆ ನಿಲ್ಲಿಸಿ.

3ನೇ ತಂತಿ ತುಂಡಾಗುವುದು ನಿಮ್ಮೊಬ್ಬರ ಗೋಳಲ್ಲ, ಈ ವಾದ್ಯ ನುಡಿಸುವ ಎಲ್ಲರದೂ. 24 ಇಂಚಿನ ಆಸುಪಾಸಿನ ಉದ್ದದಲ್ಲಿ ಜಿ ಶಾರ್ಪ್‌ಗೆ ಬಿಗಿದ ಉಕ್ಕಿನ ತಂತಿ ತನ್ನ ತಾಕತ್ತಿನ ಹೆಚ್ಚಿನ ಪಾಲನ್ನು ಆಗಲೇ ಖರ್ಚು ಮಾಡಿರುತ್ತದೆ. ಬಿ ಪೆಡಲ್ ಒತ್ತಿ ಎ-ಗೆ ಏರಿಸಿದರೆ ಎಳೆತ ಇನ್ನೂ 12 ಶೇಕಡಾ ಹೆಚ್ಚುತ್ತದೆ. ದಪ್ಪ ತಂತಿ ಹಾಕಿದರೆ ಬಾಳಿಕೆ ಬರುತ್ತದೆ ಅಂತ ಅನಿಸುತ್ತದೆ, ಬರುವುದಿಲ್ಲ. ದಪ್ಪ ಹೆಚ್ಚಿದ ಹಾಗೆ ಬಿಗಿಯಬೇಕಾದ ಎಳೆತವೂ ಅಷ್ಟೇ ಹೆಚ್ಚುತ್ತದೆ. ತಂತಿ ಎಲ್ಲಿ ತುಂಡಾಗುತ್ತದೆ ಅಂತ ಗಮನಿಸಿ. ಹೆಚ್ಚಾಗಿ ಫಿಂಗರ್‌ನ ನೆತ್ತಿಯ ಮೇಲೆ, ತಂತಿ ಬಾಗುವ ಕಡೆ. ಅಲ್ಲಿ ಹಳೆಯ ತಂತಿಗಳು ಕೊರೆದ ಗೀರು ಇರುತ್ತದೆ. 1000, ಆಮೇಲೆ 2000 ನಂಬರಿನ ನೀರು ಕಾಗದದಿಂದ (ವಾಟರ್ ಪೇಪರ್) ತಂತಿಯ ಉದ್ದಕ್ಕೇ ಉಜ್ಜಿ ನುಣುಪು ಮಾಡಿ, ಅಡ್ಡಕ್ಕೆ ಉಜ್ಜಬೇಡಿ. ಆಮೇಲೆ ಒಂದು ಚುಕ್ಕೆ ಎಣ್ಣೆ. ನಿಮ್ಮ ಮನೆ ನಾಲೆ ಬಯಲಲ್ಲಿದ್ದರೆ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದನ್ನು ಮರೆಯಬೇಡಿ.

ಇನ್ನು ಕಿವಿಯ ವಿಷಯ. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಮಾಡುತ್ತೇನೆ.

ಫೋನಿನ ಆ್ಯಪ್ 12 ಸ್ವರಗಳನ್ನು 100-100 ಸೆಂಟ್ ಅಂತ ಸಮ ಪಾಲು ಮಾಡಿದೆ. ಪಿಯಾನೊ, ಕೀಬೋರ್ಡ್ ಎಲ್ಲ ಹಾಗೇ. ಆ ಲೆಕ್ಕದಲ್ಲಿ ಇ-ಯಿಂದ ಜಿ ಶಾರ್ಪ್‌ಗೆ 400 ಸೆಂಟ್. ನಮ್ಮ ಲೆಕ್ಕದಲ್ಲಿ ಇ ಷಡ್ಜವಾದರೆ ಜಿ ಶಾರ್ಪ್ ಅಂತರ ಗಾಂಧಾರ. ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ಒಳಗಿನಿಂದ ತಾನಾಗಿ ಏಳುವ ಸ್ವಯಂಭೂ ಗಾಂಧಾರ ಇದೆಯಲ್ಲ, ಅದು 386 ಸೆಂಟ್‌ನಲ್ಲಿದೆ. 14 ಸೆಂಟ್ ತಗ್ಗು. ವೀಣೆ ಕಲಿತ ಕಿವಿಗೆ ಆ್ಯಪ್‌ನ ಗಾಂಧಾರ ಚುಚ್ಚಿದ ಹಾಗೆ ಕೇಳುವುದು ಸಹಜ. ಮಾಮೂಲಿ ಗಿಟಾರ್‌ನಲ್ಲಿ ಸ್ವರ ಬೇಗ ಸತ್ತುಹೋಗುತ್ತದೆ, ಅಷ್ಟು ಗೊತ್ತಾಗುವುದಿಲ್ಲ. ಪೆಡಲ್ ಸ್ಟೀಲ್‌ನಲ್ಲಿ ಮೂರು ಸ್ವರ ಒಟ್ಟಿಗೆ ಸೆಕೆಂಡುಗಟ್ಟಲೆ ನಿಲ್ಲುತ್ತವೆ, ಅವುಗಳ ನಡುವಿನ ಜಗಳ ಅಲೆ ಅಲೆಯಾಗಿ ಕೇಳುತ್ತದೆ. ಹಾಗಾಗಿ ಈ ವಾದ್ಯದವರಲ್ಲಿ ಬಹಳ ಜನ ಕಿವಿಯಿಂದಲೇ ಕೂಡಿಸುತ್ತಾರೆ.

ಶುದ್ಧವಾಗಿ ಕೂಡಿಸಿದರೆ ಆ್ಯಪ್‌ನಲ್ಲಿ ಏನು ಕಾಣಬೇಕು ಅಂತ ಲೆಕ್ಕ ಹಾಕೋಣ. ಇ ಸೊನ್ನೆಯಲ್ಲಿರಲಿ. ಪಂಚಮವಾದ ಬಿ 2 ಸೆಂಟ್ ಮೇಲೆ. ಜಿ ಶಾರ್ಪ್ 14 ಕೆಳಗೆ. ಬಿ ಪೆಡಲ್ ಒತ್ತಿ ಬರುವ ಎ 2 ಕೆಳಗೆ. ಎ ಪೆಡಲ್‌ನ ಸಿ ಶಾರ್ಪ್ ಆ ಎ-ಗೆ ಗಾಂಧಾರ, ಆದ್ದರಿಂದ 16 ಕೆಳಗೆ. ಇ-ಯನ್ನು ಎಫ್‌ಗೆ ಏರಿಸುವ ಲಿವರ್ ಇದ್ದರೆ ಅದನ್ನು ಎ ಪೆಡಲ್ ಜೊತೆ ಬಳಸುತ್ತಾರೆ. ಅಲ್ಲಿ ಎಫ್ ಆ ಸಿ ಶಾರ್ಪ್‌ಗೆ ಗಾಂಧಾರ, ಹಾಗಾಗಿ 30 ಸೆಂಟ್ ಕೆಳಗೆ! ಆ್ಯಪ್ ಕೆಂಪಾಗಿ ಕಿರುಚುತ್ತದೆ, ಕಿರುಚಲಿ ಬಿಡಿ.

ಸಿಕ್ಕಾಗುವುದು 1 ಮತ್ತು 7ನೇ ತಂತಿಯ ಎಫ್ ಶಾರ್ಪ್‌ನಲ್ಲಿ. ಪೆಡಲ್ ಮುಟ್ಟದಿದ್ದಾಗ ಅದು ಬಿ-ಗೆ ಪಂಚಮ, 4 ಸೆಂಟ್ ಮೇಲಿರಬೇಕು. ಎ, ಬಿ ಎರಡೂ ಪೆಡಲ್ ಒತ್ತಿ ಎಫ್ ಶಾರ್ಪ್ ಮೈನರ್ ಎಂಬ ಸ್ವರಗುಚ್ಛ ನುಡಿಸಿದರೆ ಅದೇ ತಂತಿ 18 ಕೆಳಗಿರಬೇಕು. ವ್ಯತ್ಯಾಸ 22 ಸೆಂಟ್. ನಮ್ಮ ಶಾಸ್ತ್ರದ ಪ್ರಮಾಣ ಶ್ರುತಿ ಇದೇ. ಒಂದೇ ತಂತಿ ಎರಡು ಕಡೆ ಇರಲು ಆಗುವುದಿಲ್ಲ. ನಡುವೆ 6-8 ಸೆಂಟ್ ಕೆಳಗೆ ಇಟ್ಟು ರಾಜಿಯಾಗುವವರಿದ್ದಾರೆ. ಇನ್ನು ಕೆಲವರು ಎ ಪೆಡಲ್‌ಗೆ ಒಂದು ರಾಡ್ ಜಾಸ್ತಿ ಹಾಕಿಸಿ, ಪೆಡಲ್ ಒತ್ತಿದಾಗ ಎಫ್ ಶಾರ್ಪ್ ಕೂಡ ಸ್ವಲ್ಪ ಇಳಿಯುವ ಹಾಗೆ ಮಾಡಿಕೊಳ್ಳುತ್ತಾರೆ. ನೀವು ಸದ್ಯಕ್ಕೆ ರಾಜಿಯಾಗಿ.

ಆದರೆ ನಿಮ್ಮ ಜೊತೆ ಕೀಬೋರ್ಡ್ ಇದೆ. ಇ ಸೊನ್ನೆಯಲ್ಲಿಟ್ಟು ಉಳಿದದ್ದೆಲ್ಲ ಇಳಿಸಿದರೆ ಒಟ್ಟಾರೆ ವಾದ್ಯವೇ ತಗ್ಗಾಗಿ ಕೇಳುತ್ತದೆ. ಅದಕ್ಕೆ ಹಳಬರ ಉಪಾಯ, ಇ-ಯನ್ನೇ ಸುಮಾರು 10 ಸೆಂಟ್ ಮೇಲಕ್ಕೆ ಎತ್ತಿ, ಅಂದರೆ ಟ್ಯೂನರ್ ಆಧಾರವನ್ನು 440ರ ಬದಲು 442.5 ಹರ್ಟ್ಸ್‌ಗೆ ಇಟ್ಟು ಕೂಡಿಸುವುದು. ಆಗ ಜಿ ಶಾರ್ಪ್ ಬರೀ 4 ಸೆಂಟ್ ತಗ್ಗಿರುತ್ತದೆ, ಕೀಬೋರ್ಡ್ ಜೊತೆ ಜಗಳವಾಡುವುದಿಲ್ಲ. ಅಮೆರಿಕದ ಸ್ಟೀಲ್ ಶಿಕ್ಷಕ ಜೆಫ್ ನ್ಯೂಮನ್ ಅವರ ಟ್ಯೂನಿಂಗ್ ಚಾರ್ಟ್ ಈ ದಾರಿಯದ್ದೇ. ನಿಮಗೂ ಅದನ್ನೇ ಹೇಳುತ್ತೇನೆ.

ಕೂಡಿಸುವ ಕ್ರಮ: ಮೊದಲು ಬಿಡಿ ತಂತಿಗಳನ್ನು ಬಿರಡೆಯಿಂದ, ಆಮೇಲೆ ಪೆಡಲ್ ಸ್ವರಗಳನ್ನು ನೈಲಾನ್ ನಟ್‌ನಿಂದ. ಒಂದು ಬದಲಾವಣೆ ಮಾಡಿದ ಮೇಲೆ ಪ್ರತಿ ಸಲವೂ ಪೆಡಲ್ ಒತ್ತಿ ಬಿಟ್ಟು ನಂತರವೇ ಅಳೆಯಿರಿ. ಎ, ಬಿ ಒತ್ತಿದಾಗ ಮುಟ್ಟದೇ ಇರುವ 4ನೇ ತಂತಿಯೂ ಸ್ವಲ್ಪ ಇಳಿಯುವುದನ್ನು ಟ್ಯೂನರ್‌ನಲ್ಲಿ ನೋಡುತ್ತೀರಿ. ಎಳೆತಕ್ಕೆ ಪೆಟ್ಟಿಗೆಯೇ ಕೊಂಚ ಬಾಗುತ್ತದೆ. ಎರಡು ಮೂರು ಸೆಂಟ್ ಆದರೆ ಮರೆತುಬಿಡಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಕಾಲು, ಪೆಡಲ್ ಪಟ್ಟಿ, ತುದಿ ಫಲಕಗಳ ಸ್ಕ್ರೂ ಬಿಗಿ ಇದೆಯೇ ನೋಡಿ.

ಗಣೇಶನ ಪೆಂಡಾಲಿನಲ್ಲಿ ನುಡಿಸುವ ದಿನ ಬಂದರೆ ಒಂದು ವಿಷಯ ನೆನಪಿರಲಿ. ತಂತಿ ಮಾತ್ರ 1 ಡಿಗ್ರಿ ಬಿಸಿಯಾದರೂ ಸ್ವರ 1ರಿಂದ 3 ಸೆಂಟ್ ಇಳಿಯುತ್ತದೆ, ತೆಳು ತಂತಿಗಳು ವೇದಿಕೆಯ ದೀಪಕ್ಕೆ ಪೆಟ್ಟಿಗೆಗಿಂತ ಬೇಗ ಬಿಸಿಯಾಗುತ್ತವೆ. ಅರ್ಧ ಗಂಟೆ ಮೊದಲೇ ವಾದ್ಯ ತೆರೆದು ಅದೇ ದೀಪದ ಕೆಳಗೆ ಇಡಿ, ಆಮೇಲೆ ಕೂಡಿಸಿ. ನೈಲಾನ್ ನಟ್ ಮುಟ್ಟಬೇಡಿ, ಬಿರಡೆ ಸಾಕು.

ರೋಲರೋ ದಂಡವೋ ಪೂರ್ತಿ ಸವೆದಿದ್ದರೆ ಅಮೆರಿಕದಿಂದ ತರಿಸುವ ಮೊದಲು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಲೇತ್ ಕೆಲಸದವರನ್ನು ವಿಚಾರಿಸಿ, ಹಳೆಯದನ್ನು ಮಾದರಿಗೆ ಕೊಟ್ಟರೆ ಮಾಡಿಕೊಡಬಲ್ಲರು. ಬಿರಡೆಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಇ-9ರ ಎರಡು ಸೆಟ್ ತಂತಿ ತರಿಸಿ. 3ನೆಯದಕ್ಕೆ ಬೇಕಾದ 0.011 ಇಂಚಿನ ತಂತಿ ಮಾಮೂಲಿ ಎಲೆಕ್ಟ್ರಿಕ್ ಗಿಟಾರ್‌ನದೇ ನಡೆಯುತ್ತದೆ, ಬಿಡಿಯಾಗಿ ಸಿಕ್ಕರೆ ಒಂದಷ್ಟು ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ.